ಮೊದಲ ದಿನದ ಪಿಕಪ್ ನಂಬಬೇಡಿ

ರೀಮ್ಯಾಪ್ ಮಾಡಿಸಿದ ಸ್ಪೋರ್ಟ್ಸ್ ಸೆಡಾನ್ ಅನ್ನು ಓಡಿಸಿ ನೋಡುವ ಕ್ರಮ

ಶನಿವಾರ ಸಂಜೆ ಕಾರು ಟ್ಯೂನರ್ ಕೈಯಿಂದ ವಾಪಸ್ ಬರುತ್ತದೆ. ರಾತ್ರಿ ಊಟ ಮುಗಿಸಿ, ರಸ್ತೆ ತುಸು ಖಾಲಿಯಾದ ಮೇಲೆ, ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಲೀಕ ಹೊರಡುತ್ತಾನೆ. ಆಕ್ಸಿಲರೇಟರ್ ಒತ್ತಿದ್ದೇ ತಡ, ಬೆನ್ನು ಸೀಟಿಗೆ ಅಂಟುತ್ತದೆ. ‘ಏನ್ ಪಿಕಪ್ ಗುರೂ!’ ಎಂದು ಗೆಳೆಯ ಉದ್ಗರಿಸುತ್ತಾನೆ. ಹದಿನೈದು ದಿನ ಕಳೆಯುವುದರೊಳಗೆ ಅದೇ ಕಾರು, ಅದೇ ರಸ್ತೆ. ಆದರೆ ಅಂಥದ್ದೇನೂ ಅನ್ನಿಸುವುದಿಲ್ಲ. ಟ್ಯೂನ್ ಕೈಕೊಟ್ಟಿತೇ, ಪೆಟ್ರೋಲ್ ಸರಿಯಿಲ್ಲವೇ, ಅಥವಾ ಮೈಗೆ ಅಭ್ಯಾಸವಾಗಿಬಿಟ್ಟಿತೇ?

ರೀಮ್ಯಾಪ್‌ಗೆ ಅರ್ಧ ಲಕ್ಷ ಮೀರಿ ಖರ್ಚು ಮಾಡಿದವರಲ್ಲೂ ಅನೇಕರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರುವುದಿಲ್ಲ. ಟ್ಯೂನ್‌ಗೆ ಮುಂಚೆ ಕಾರು ಹೇಗಿತ್ತು ಎಂಬುದನ್ನು ಯಾರೂ ಬರೆದಿಟ್ಟುಕೊಂಡಿರುವುದಿಲ್ಲ. ಹೋಲಿಸಲು ಉಳಿಯುವುದು ನೆನಪು ಮಾತ್ರ. ಈ ವಿಷಯದಲ್ಲಿ ನೆನಪನ್ನು ನಂಬುವಂತಿಲ್ಲ.

ಕಾರಿನೊಳಗೆ ಬದಲಾಗುವುದೇನು?

ಕಾರ್ಬ್ಯುರೇಟರ್ ಕಾಲದಲ್ಲಿ ಟ್ಯೂನಿಂಗ್ ಕೈಕೆಲಸ. ಜೆಟ್ ಬದಲಿಸುವುದು, ಪಾಯಿಂಟ್ ಗ್ಯಾಪ್ ಸರಿಪಡಿಸುವುದು, ಡಿಸ್ಟ್ರಿಬ್ಯೂಟರ್ ತುಸು ತಿರುಗಿಸಿ ಟೈಮಿಂಗ್ ಹೊಂದಿಸುವುದು ಎಲ್ಲವೂ ಮೆಕ್ಯಾನಿಕ್‌ನ ಕಿವಿ ಮತ್ತು ಸ್ಪ್ಯಾನರ್‌ನಲ್ಲಿತ್ತು. 1979ರಲ್ಲಿ ಬಾಷ್ ಕಂಪನಿಯ ಮೋಟ್ರಾನಿಕ್ ವ್ಯವಸ್ಥೆ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂತು. ಇಂಧನ ಎಷ್ಟು, ಕಿಡಿ ಯಾವಾಗ ಎಂಬ ಎರಡೂ ನಿರ್ಧಾರ ಒಂದೇ ಕಂಪ್ಯೂಟರ್ ಪೆಟ್ಟಿಗೆಗೆ ಸೇರಿದವು. ಇಂದು ರೀಮ್ಯಾಪ್ ಎಂದರೆ ಆ ಪೆಟ್ಟಿಗೆಯ, ಅಂದರೆ ಇಸಿಯುವಿನ, ಒಳಗಿರುವ ಅಂಕಿಗಳ ಕೋಷ್ಟಕಗಳನ್ನು ತಿದ್ದುವುದು.

ಟರ್ಬೊ ಪೆಟ್ರೋಲ್ ಕಾರಿನಲ್ಲಿ ಇದರಿಂದ ಹೆಚ್ಚು ಲಾಭ. ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟು ಇಂಧನ ಸುಡಬಲ್ಲದು. ಟರ್ಬೊ ಎಷ್ಟು ಗಾಳಿ ತುಂಬಬೇಕು ಎಂದು ಇಸಿಯು ಹೇಳುತ್ತದೆ. ಕಳಪೆ ಪೆಟ್ರೋಲ್, ಕಲಬುರಗಿಯ ಮೇ ತಿಂಗಳ ಬಿಸಿಲು, ತಡವಾದ ಸರ್ವಿಸ್ ಎಲ್ಲವನ್ನೂ ಲೆಕ್ಕ ಹಾಕಿ ಕಂಪನಿ ತುಸು ಕೈ ಬಿಗಿಹಿಡಿದಿರುತ್ತದೆ. ಟ್ಯೂನರ್ ಆ ಬಿಗಿಯನ್ನು ಸಡಿಲಿಸುತ್ತಾನೆ. ಬಿಡಿಭಾಗ ಬದಲಿಸದೆ ಸಾಫ್ಟ್‌ವೇರ್ ಮಾತ್ರ ಬದಲಿಸಿದರೆ ಅದನ್ನು ‘ಸ್ಟೇಜ್ 1’ ಎನ್ನುತ್ತಾರೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ತುಂಬಲು ಹೆಚ್ಚಿನ ಗಾಳಿಯೇ ಇಲ್ಲ. ಅಲ್ಲಿ ರೀಮ್ಯಾಪ್‌ನಿಂದ ಸಿಗುವುದು ಅಲ್ಪ.

ಈ ಲೇಖನಕ್ಕೆ ಉದಾಹರಣೆಯಾಗಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಅನ್ನು ಇಟ್ಟುಕೊಳ್ಳೋಣ. 2017ರಲ್ಲಿ ಭಾರತಕ್ಕೆ ಬಂದ ಈ ಕಾರಿನ 2 ಲೀಟರ್ ಟರ್ಬೊ ಎಂಜಿನ್‌ಗೆ 230 ಪಿಎಸ್ ಶಕ್ತಿ. 1,500ರಿಂದ 4,600 ಆರ್‌ಪಿಎಂವರೆಗೆ 350 ನ್ಯೂಟನ್ ಮೀಟರ್ ಟಾರ್ಕ್. ಜೊತೆಗೆ 6 ಗೇರ್‌ಗಳ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಮುಂದಿನ ಚಕ್ರಗಳಿಗೆ ಮಾತ್ರ ಬಲ.

ಮೈ ಮೋಸ ಹೋಗುವುದೆಲ್ಲಿ?

ಮೊದಲನೆಯದು ಪೆಡಲ್. ಇಂದಿನ ಕಾರಿನಲ್ಲಿ ಆಕ್ಸಿಲರೇಟರ್‌ಗೂ ಎಂಜಿನ್‌ಗೂ ನಡುವೆ ಕೇಬಲ್ ಇಲ್ಲ. ಕಾಲು ಕೇಳಿದ್ದನ್ನು ಎಷ್ಟು ಕೊಡಬೇಕೆಂದು ಇಸಿಯು ತೀರ್ಮಾನಿಸುತ್ತದೆ. ಕಾಲುಭಾಗ ಒತ್ತಿದರೆ ಅರ್ಧ ಒತ್ತಿದಷ್ಟು ಕೊಡುವಂತೆ ಕೋಷ್ಟಕ ತಿದ್ದಿದರೆ ಕಾರು ಛಂಗನೆ ಜಿಗಿಯುತ್ತದೆ. ಆದರೆ ಪೂರ್ತಿ ಒತ್ತಿದಾಗ ಸಿಗುವ ಬಲ ಮೊದಲಿನಷ್ಟೇ! ಮಾರುಕಟ್ಟೆಯಲ್ಲಿ ಸಿಗುವ ಥ್ರಾಟಲ್ ಕಂಟ್ರೋಲರ್ ಎಂಬ ಪುಟ್ಟ ಡಬ್ಬಿಗಳು ಮಾಡುವುದೂ ಇಷ್ಟೇ.

ಎರಡನೆಯದು ನಮ್ಮ ಮೈ. ಒಂದೇ ಸಮನೆ ಇರುವ ಎಳೆತಕ್ಕಿಂತ, ಎಳೆತ ತಟ್ಟನೆ ಏರುವುದು ನಮಗೆ ಹೆಚ್ಚು ತಿಳಿಯುತ್ತದೆ. ಆರ್‌ಎಸ್‌ನ ಮೂಲ ಟಾರ್ಕ್ ರೇಖೆ 1,500ರಿಂದಲೇ ಮೇಜಿನಂತೆ ಚಪ್ಪಟೆ. ಬಲವಿದ್ದರೂ ಕಾರು ಸಪ್ಪೆ ಅನ್ನಿಸಬಹುದು. 2,200ರ ತನಕ ಸುಮ್ಮನಿದ್ದು 2,800ಕ್ಕೆ ಒಮ್ಮೆಲೇ ಗುಡ್ಡದಂತೆ ಏರುವ ಹಾಗೆ ಕೋಷ್ಟಕ ತಿದ್ದಿದ ಫೈಲ್ ಹಾಕಿದರೆ ‘ರಾಕೆಟ್’ ಅನ್ನಿಸುತ್ತದೆ. ಸ್ಟಾಪ್‌ವಾಚ್ ಬೇರೆಯೇ ಕಥೆ ಹೇಳಬಹುದು.

ಮೂರನೆಯದು ಹವೆ. ರಾತ್ರಿಯ ತಂಪು ಗಾಳಿ ದಟ್ಟ, ಮಧ್ಯಾಹ್ನದ ಬಿಸಿಗಾಳಿ ತೆಳು. ಬಿಸಿಗಾಳಿಯಲ್ಲಿ, ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮುಂಚೆಯೇ ಉಳಿದ ಮಿಶ್ರಣ ತಾನಾಗಿ ಸಿಡಿಯುವ ‘ನಾಕಿಂಗ್’ ಹೆಚ್ಚು. ಸೆನ್ಸರ್ ಅದನ್ನು ಕೇಳಿಸಿಕೊಂಡ ಕೂಡಲೇ ಇಸಿಯು ಕಿಡಿಯನ್ನು ತಡಮಾಡುತ್ತದೆ, ಶಕ್ತಿ ಇಳಿಯುತ್ತದೆ. ಮೊದಲ ರಾತ್ರಿಯ ಕಾರಿಗೂ ಹದಿನೈದು ದಿನದ ನಂತರದ ಮಧ್ಯಾಹ್ನದ ಕಾರಿಗೂ ಇರುವ ವ್ಯತ್ಯಾಸದಲ್ಲಿ ಒಂದು ಪಾಲು ಇದರದ್ದು.

ಓಡಿಸಿ ನೋಡುವ ಕ್ರಮ: ಎಂಟು ಹಂತ

1. ಮೊದಲು ಕಾರಿನ ಆರೋಗ್ಯ ನೋಡಿ. ಸ್ಕ್ಯಾನರ್ ಹಾಕಿ ಹಳೆಯ ದೋಷ ಸಂಕೇತಗಳಿವೆಯೇ ಓದಿಸಿ. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಇಂಟರ್‌ಕೂಲರ್ ಪೈಪ್‌ಗಳ ಸೋರಿಕೆ ಪರೀಕ್ಷಿಸಿ. ಆರ್‌ಎಸ್ 230ರಂಥ 6 ಗೇರ್ ಡಿಎಸ್‌ಜಿಗೆ 60,000 ಕಿ.ಮೀ.ಗೊಮ್ಮೆ ಗೇರ್ ಆಯಿಲ್ ಬದಲಿಸಬೇಕು. ಅದು ಬಾಕಿಯಿದ್ದರೆ ಮೊದಲು ಮುಗಿಸಿ. ಮೊದಲೇ ಕೆಮ್ಮುತ್ತಿರುವ ಎಂಜಿನ್‌ಗೆ ಟ್ಯೂನ್ ಮಾಡಿಸುವುದು ಜ್ವರ ಬಂದವನನ್ನು ಓಟಕ್ಕೆ ನಿಲ್ಲಿಸಿದಂತೆ.

2. ಟ್ಯೂನ್‌ಗೆ ಮುಂಚೆಯೇ ಅಳತೆ ತೆಗೆದುಕೊಳ್ಳಿ. ಮೂರನೇ ಗೇರ್‌ನಲ್ಲಿ ಗಂಟೆಗೆ 50ರಿಂದ 90 ಕಿ.ಮೀ. ತಲುಪಲು ಹಿಡಿಯುವ ಸಮಯ ಒಳ್ಳೆಯ ಅಳತೆಗೋಲು. ನಿಂತಲ್ಲಿಂದ ಹೊರಡುವಾಗ ಚಕ್ರ ಜಾರುವುದು, ಕ್ಲಚ್ ಹಿಡಿಯುವುದು ಎಲ್ಲವೂ ಲೆಕ್ಕ ಕೆಡಿಸುತ್ತವೆ; ಓಡುತ್ತಿರುವ ಕಾರಿನಲ್ಲಿ ಆ ಗೊಂದಲವಿಲ್ಲ. 45ರಲ್ಲಿ ಪೆಡಲ್ ಒತ್ತಿ, 50 ಬಂದಾಗಿನಿಂದ ಎಣಿಸಿ. ಸ್ಪೀಡೊಮೀಟರ್ ವೇಗವನ್ನು ತುಸು ಹೆಚ್ಚೇ ತೋರಿಸುವುದರಿಂದ ಜಿಪಿಎಸ್ ಬಳಸಿ. ಫೋನ್ ಪಕ್ಕದವರ ಕೈಯಲ್ಲಿರಲಿ. ರಸ್ತೆಯ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ, ಕಣ್ಣಿಗೆ ಕಾಣದ ಏರಿಳಿತ ಹೊಂದಿಕೊಳ್ಳುತ್ತದೆ. ಎಷ್ಟು ಜನ, ಎಷ್ಟು ಪೆಟ್ರೋಲ್, ಎಸಿ ಹಾಕಿತ್ತೇ, ಹೊರಗಿನ ಉಷ್ಣತೆ ಎಷ್ಟು ಎಂಬುದನ್ನೂ ಬರೆದಿಡಿ. ಡಿಎಸ್‌ಜಿಯನ್ನು ಮ್ಯಾನುವಲ್‌ಗೆ ಹಾಕಿದರೂ ಪೆಡಲ್‌ನ ಕೊನೆಯ ‘ಟಕ್’ ದಾಟಿ ಒತ್ತಿದರೆ ಗೇರ್ ತಾನಾಗಿ ಇಳಿಯುತ್ತದೆ. ಟಕ್ ಎನ್ನುವ ಮುಂಚೆಯೇ ಕಾಲು ನಿಲ್ಲಲಿ.

3. ಟ್ಯೂನ್ ಆದ ಮೊದಲ 200 ಕಿ.ಮೀ. ತೀರ್ಪು ಬೇಡ. ಹೊಸ ಫೈಲ್ ಹಾಕಿದಾಗ ಇಸಿಯು ತಾನು ಕಲಿತಿದ್ದ ಇಂಧನದ ಸಣ್ಣಪುಟ್ಟ ಹೊಂದಾಣಿಕೆಗಳನ್ನು ಮತ್ತೆ ಕಲಿಯಬೇಕಾಗಬಹುದು. ಗೇರ್‌ಬಾಕ್ಸ್ ಫೈಲ್ ಕೂಡ ಬದಲಿಸಿದ್ದರೆ ಕ್ಲಚ್‌ಗೂ ಇದೇ ಪಾಠ. ಊರೊಳಗೆ, ಹೆದ್ದಾರಿಯಲ್ಲಿ ಸಹಜವಾಗಿ ಓಡಿಸಿ.

4. ಈಗ ಅದೇ ರಸ್ತೆ, ಅದೇ ಗೇರ್, ಅದೇ ಇಂಧನ. ಗಾಳಿಯ ತಡೆಯನ್ನು ಬದಿಗಿಟ್ಟರೆ, ಒಂದೇ ಗೇರ್‌ನಲ್ಲಿ ಹಿಡಿಯುವ ಸಮಯ ಟಾರ್ಕ್‌ಗೆ ವಿಲೋಮ. ಟಾರ್ಕ್ 350ರಿಂದ 430ಕ್ಕೆ ಏರಿದೆ ಎಂದು ಟ್ಯೂನರ್ ಹೇಳಿದರೆ, ಮೊದಲು 5 ಸೆಕೆಂಡ್ ಬೇಕಿದ್ದ ಓಟ ಸುಮಾರು 4.1 ಸೆಕೆಂಡಿಗೆ ಇಳಿಯಬೇಕು. 4.8 ಬಂದರೆ ಹೆಚ್ಚಿದ್ದು ಬಹುಪಾಲು ಪೆಡಲ್‌ನ ಚುರುಕೇ ಹೊರತು ಎಂಜಿನ್‌ನ ಬಲವಲ್ಲ.

5. ಮೂರನೇ ಓಟವನ್ನು ನಂಬಿ. ಟರ್ಬೊ ಗಾಳಿಯನ್ನು ಒತ್ತುವಾಗ ಅದು ಕಾಯುತ್ತದೆ. ತಣಿಸುವುದು ಇಂಟರ್‌ಕೂಲರ್ ಕೆಲಸ. ಮೊದಲ ಓಟದಲ್ಲಿ ಇಂಟರ್‌ಕೂಲರ್ ತಂಪಾಗಿರುತ್ತದೆ, ಅಂಕಿ ಚೆನ್ನಾಗಿ ಬರುತ್ತದೆ. ಬೆನ್ನುಬೆನ್ನಿಗೆ ಮೂರು ಓಟ ಓಡಿಸಿ ನೋಡಿ. ಮೂರನೆಯದರಲ್ಲಿ ಗಳಿಕೆಯ ಬಹುಪಾಲು ಕರಗಿ ಹೋದರೆ ಫೈಲ್ ನಮ್ಮ ಹವೆಗೆ ಹೆಚ್ಚಾಯಿತು, ಅಥವಾ ಇಂಟರ್‌ಕೂಲರ್ ಸಾಲುತ್ತಿಲ್ಲ.

ಬೆಂಗಳೂರಿಗರು ಇನ್ನೊಂದು ಸಂಗತಿ ಗಮನಿಸಬೇಕು. ನಗರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ವಾಯು ಒತ್ತಡ ಮಂಗಳೂರಿಗಿಂತ ಸುಮಾರು ಹತ್ತನೇ ಒಂದರಷ್ಟು ಕಡಿಮೆ. ಅಷ್ಟೇ ಗಾಳಿ ತುಂಬಲು ಟರ್ಬೊ ಇಲ್ಲಿ ಹೆಚ್ಚು ವೇಗವಾಗಿ ತಿರುಗಬೇಕು. ಕರಾವಳಿಗೆ ಇಳಿದಾಗ ಟರ್ಬೊಗೆ ಕೆಲಸ ಹಗುರ, ಆದರೆ ಸೆಕೆ ಜಾಸ್ತಿ. ಒಂದೇ ಫೈಲ್ ಎರಡೂ ಕಡೆ ಒಂದೇ ರೀತಿ ಓಡುತ್ತದೆಯೇ ಎಂಬುದು ಟ್ಯೂನರ್‌ನ ಕೈಚಳಕಕ್ಕೆ ನಿಜವಾದ ಪರೀಕ್ಷೆ.

6. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ಪರೀಕ್ಷೆ. ಕಾರು ತನ್ನ ಆಯುಷ್ಯದಲ್ಲಿ ಪೂರ್ತಿ ಪೆಡಲ್ ಕಾಣುವುದು ಕೆಲವೇ ನಿಮಿಷ. ಉಳಿದದ್ದು ಮೊದಲ, ಎರಡನೇ ಗೇರ್‌ನ ತೆವಳಾಟ. ಮುಂದಿನ ಬಸ್ ಎರಡಡಿ ಸರಿದಾಗ ಕಾರು ಮೆಲ್ಲಗೆ ಸರಿಯುತ್ತದೆಯೇ, ತಲೆ ಅಲ್ಲಾಡುವಂತೆ ಕುಪ್ಪಳಿಸುತ್ತದೆಯೇ? ಎಸಿ ಹಾಕಿ ನಿಂತಾಗ ಎಂಜಿನ್ ನಡುಗುತ್ತದೆಯೇ? ಬೆಳಿಗ್ಗೆ ತಣ್ಣನೆಯ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆಯೇ? ಒಳ್ಳೆಯ ಫೈಲ್ ಹಾಕಿದ ಕಾರು ಟ್ರಾಫಿಕ್‌ನಲ್ಲಿ ಕಂಪನಿ ಕಾರಿನಷ್ಟೇ ಸಾಧುವಾಗಿರಬೇಕು.

7. ಘಾಟಿ ಪರೀಕ್ಷೆ. ಚಾರ್ಮಾಡಿಯಂಥ ತಿರುವುಗಳಲ್ಲಿ ಟ್ಯೂನ್‌ನ ಲಾಭವೂ ದೋಷವೂ ಒಟ್ಟಿಗೆ ಕಾಣುತ್ತವೆ. ಲಾಭವೆಂದರೆ, ಹಿಂದೆ ಲಾರಿ ಹಿಂದಿಕ್ಕಲು ಗೇರ್ ಇಳಿಸಬೇಕಿದ್ದಲ್ಲಿ ಈಗ ಮೂರನೇ ಗೇರ್‌ನಲ್ಲೇ ಎಳೆದುಕೊಂಡು ಹೋಗುತ್ತದೆ. ದೋಷ ಮುಂದಿನ ಚಕ್ರಗಳಲ್ಲಿ ಕಾಣುತ್ತದೆ. 430 ನ್ಯೂಟನ್ ಮೀಟರ್ ಬಲ ಎರಡೇ ಚಕ್ರಗಳಿಗೆ ಹರಿದಾಗ, ಮಳೆಯಲ್ಲಿ ಎರಡನೇ ಗೇರ್‌ನಲ್ಲೂ ಟ್ರ್ಯಾಕ್ಷನ್ ದೀಪ ಮಿನುಗುತ್ತದೆ, ಸ್ಟೀರಿಂಗ್ ಕೈಯಲ್ಲಿ ಒಂದು ಪಕ್ಕಕ್ಕೆ ಜಗ್ಗುತ್ತದೆ. ತಿರುವಿನಿಂದ ಹೊರಬರುವಾಗ ಪೆಡಲ್ ಎಷ್ಟು ಬೇಗ ಒತ್ತಬಹುದು ಎಂಬುದನ್ನು ಕಾಲು ಹೊಸದಾಗಿ ಕಲಿಯಬೇಕಾಗುತ್ತದೆ. ಆರ್‌ಎಸ್‌ನ ಚಿಕ್ಕ ಟರ್ಬೊ 5,500 ದಾಟಿದ ಮೇಲೆ ಏದುಸಿರು ಬಿಡುತ್ತದೆ. ಆದ್ದರಿಂದ ಸ್ಟೇಜ್ 1 ಮಾಡಿಸಿದ ಈ ಕಾರಿನ ಸೊಗಸು ನಡುವಿನ ಆರ್‌ಪಿಎಂನಲ್ಲಿ, ಕೊನೆಯಲ್ಲಲ್ಲ.

8. ಲಾಗ್ ಓದಿ. ಸ್ಕೋಡಾ ಸೇರಿದ ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಿಗೆ ವಿಸಿಡಿಎಸ್, ಒಬಿಡಿ-ಇಲೆವೆನ್‌ನಂಥ ಸಾಧನಗಳಿವೆ. ಪೂರ್ತಿ ಪೆಡಲ್‌ನ ಒಂದು ಓಟದಲ್ಲಿ ಮೂರು ಸಾಲು ಗಮನಿಸಿದರೆ ಸಾಕು. ಇಸಿಯು ಕೇಳಿದ ಗಾಳಿ ಒತ್ತಡಕ್ಕೂ ಸಿಕ್ಕ ಒತ್ತಡಕ್ಕೂ ಇರುವ ಅಂತರ, ಒಳಬರುವ ಗಾಳಿಯ ಉಷ್ಣತೆ, ಪ್ರತಿ ಸಿಲಿಂಡರ್‌ಗೂ ಕಿಡಿ ಎಷ್ಟು ಡಿಗ್ರಿ ಹಿಂದಕ್ಕೆ ಸರಿದಿದೆ ಎಂಬುದು. ಆಗೀಗ ಒಂದೆರಡು ಡಿಗ್ರಿ ಸರಿದರೆ ಚಿಂತೆಯಿಲ್ಲ. ಎಲ್ಲ ಸಿಲಿಂಡರ್‌ಗಳಲ್ಲೂ, ಪ್ರತಿ ಓಟದಲ್ಲೂ ಅದಕ್ಕಿಂತ ಬಹಳ ಸರಿಯುತ್ತಿದ್ದರೆ ಲಾಗ್ ಸಮೇತ ಟ್ಯೂನರ್ ಬಳಿಗೆ ಹೋಗಿ.

ಡೈನೋ ಹಾಳೆ ಓದುವ ಸುಲಭ ಲೆಕ್ಕ

ಬಲ ಅಳೆಯುವ ಡೈನೋ ಯಂತ್ರದಿಂದ ಟ್ಯೂನರ್ ತೆಗೆದುಕೊಡುವ ಬಣ್ಣದ ಗ್ರಾಫ್ ನೋಡಿ ಬೆರಗಾಗುವ ಮೊದಲು ಒಂದು ಗುಣಾಕಾರ ಮಾಡಿ. ಟಾರ್ಕ್ ಅನ್ನು ಆರ್‌ಪಿಎಂನಿಂದ ಗುಣಿಸಿ 7,023ರಿಂದ ಭಾಗಿಸಿದರೆ ಪಿಎಸ್ ಸಿಗುತ್ತದೆ. ಆರ್‌ಎಸ್‌ನ ಅಂಕಿಯನ್ನೇ ಹಾಕಿ ನೋಡಿ: 350ನ್ನು 4,600ರಿಂದ ಗುಣಿಸಿ ಭಾಗಿಸಿದರೆ 229. ಕಂಪನಿ ಹೇಳಿದ 230ಕ್ಕೆ ತಾಳೆಯಾಯಿತು. ಟ್ಯೂನ್ ನಂತರ 4,500 ಆರ್‌ಪಿಎಂನಲ್ಲಿ 430 ನ್ಯೂಟನ್ ಮೀಟರ್ ಇದ್ದರೆ ಅಲ್ಲಿ ಶಕ್ತಿ 275 ಪಿಎಸ್ ಮಾತ್ರ ಇರಲು ಸಾಧ್ಯ. ಹಾಳೆಯಲ್ಲಿ ಅದೇ ಜಾಗದಲ್ಲಿ 310 ಎಂದಿದ್ದರೆ ಆ ಹಾಳೆಯನ್ನು ಪ್ರಶ್ನಿಸಿ.

ಹವೆ ಮತ್ತು ಎತ್ತರಕ್ಕೆಂದು ಡೈನೋ ಯಂತ್ರ ಸೇರಿಸುವ ‘ಕರೆಕ್ಷನ್’ ಇನ್ನೊಂದು ಮರ್ಮ. ಎತ್ತರದಲ್ಲಿ ಟರ್ಬೊ ಇಲ್ಲದ ಎಂಜಿನ್ ಕಳೆದುಕೊಳ್ಳುವ ಶಕ್ತಿಯನ್ನು ಲೆಕ್ಕದಲ್ಲಿ ತುಂಬಿಕೊಡುವ ಸೂತ್ರ ಅದು. ಟರ್ಬೊ ಎಂಜಿನ್ ಆ ಕೊರತೆಯ ಬಹುಪಾಲನ್ನು ತಾನೇ ತುಂಬಿಕೊಂಡಿರುತ್ತದೆ. ಅದಕ್ಕೆ ಮತ್ತೆ ಕರೆಕ್ಷನ್ ಸೇರಿಸಿದರೆ ಬೆಂಗಳೂರಿನಂಥ ಊರಿನಲ್ಲಿ ಪುಕ್ಕಟೆ ಪಿಎಸ್ ಹಾಳೆಗೆ ಬರುತ್ತದೆ. ಟ್ಯೂನ್‌ಗೆ ಮುಂಚೆಯೂ ನಂತರವೂ ಒಂದೇ ಯಂತ್ರ, ಒಂದೇ ಕರೆಕ್ಷನ್ ಇದ್ದಾಗ ಸಿಗುವ ಅಂತರಕ್ಕೆ ಮಾತ್ರ ಬೆಲೆ ಕೊಡಿ.

ಎಚ್ಚರಿಕೆ

ಪೆಟ್ರೋಲ್. ಫೈಲ್ ಯಾವ ಆಕ್ಟೇನ್‌ಗೆ ಬರೆದದ್ದು ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100, ಎಚ್‌ಪಿಯ ಪವರ್ 99 ಆಯ್ದ ಬಂಕ್‌ಗಳಲ್ಲಿ ಮಾತ್ರ ಸಿಗುತ್ತವೆ. 100 ಆಕ್ಟೇನ್ ಫೈಲ್ ಹಾಕಿಕೊಂಡು ಮಲೆನಾಡಿನ ಮೂಲೆಯ ಬಂಕ್‌ನಲ್ಲಿ ಸಾದಾ ಪೆಟ್ರೋಲ್ ತುಂಬಿಸುವ ಪ್ರಸಂಗ ಬಂದೇ ಬರುತ್ತದೆ. ಆಗ ಟ್ಯಾಂಕ್ ಖಾಲಿಯಾಗುವವರೆಗೆ ಪೂರ್ತಿ ಪೆಡಲ್ ಒತ್ತಬೇಡಿ.

ಗೇರ್‌ಬಾಕ್ಸ್. ಆರ್‌ಎಸ್ 230ರ ಡಿಎಸ್‌ಜಿ (ಡಿಕ್ಯು250) ಕಾಗದದ ಮೇಲೆ ತಾಳುವುದು 350 ನ್ಯೂಟನ್ ಮೀಟರ್. ಎಂಜಿನ್ ಮೊದಲೇ ಅಷ್ಟು ಕೊಡುತ್ತದೆ. ಗೇರ್‌ಬಾಕ್ಸ್ ಫೈಲ್ ತಿದ್ದಿ ಕ್ಲಚ್ ಒತ್ತಡ ಹೆಚ್ಚಿಸದಿದ್ದರೆ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಕ್ಲಚ್ ಜಾರುತ್ತಿದೆ ಎಂದರ್ಥ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಸ್ಕೋಡಾ ಸ್ಲಾವಿಯಾದ 1.5 ಲೀಟರ್ ಡಿಎಸ್‌ಜಿ ಮಾಲೀಕರು ಇನ್ನೂ ಹುಷಾರಾಗಿರಬೇಕು. ಅಲ್ಲಿರುವುದು 250 ನ್ಯೂಟನ್ ಮೀಟರ್ ತಾಳುವ ಒಣ ಕ್ಲಚ್. ಕಂಪನಿ ಎಂಜಿನ್ ಕೊಡುವುದೂ ಸರಿಯಾಗಿ 250.

ಕಡಿಮೆ ಆರ್‌ಪಿಎಂ. ಆರನೇ ಗೇರ್‌ನಲ್ಲಿ 1,500 ಆರ್‌ಪಿಎಂ ಇರುವಾಗ ಪೆಡಲ್ ಪೂರ್ತಿ ಒತ್ತಬೇಡಿ. ನೇರ ಇಂಧನ ಚುಚ್ಚುವ ಟರ್ಬೊ ಎಂಜಿನ್‌ಗಳಲ್ಲಿ ಇಂಥ ಹೊತ್ತಿನಲ್ಲಿ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವಿದೆ. ಗೇರ್ ಇಳಿಸಿ ಒತ್ತಿ. ಕಂಪನಿ ಹೇಳಿದ ದರ್ಜೆಯ ಎಂಜಿನ್ ಆಯಿಲನ್ನೇ ಹಾಕಿ, ಬದಲಿಸುವ ಅವಧಿಯನ್ನು ಕಡಿಮೆ ಮಾಡಿ.

ಬ್ರೇಕ್. ವೇಗ 100ರಿಂದ 120ಕ್ಕೆ ಏರಿದರೆ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ 44% ಹೆಚ್ಚು. ಟ್ಯೂನ್‌ನ ಬಜೆಟ್‌ನಲ್ಲಿ ಟೈರ್, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್‌ಗೂ ಪಾಲಿರಲಿ.

ಮಿನುಗುವ ದೀಪ. ಚೆಕ್ ಎಂಜಿನ್ ದೀಪ ಹತ್ತಿಕೊಂಡಿದ್ದರೆ ನಿಧಾನವಾಗಿ ಗ್ಯಾರೇಜ್‌ಗೆ ಹೋಗಬಹುದು. ಮಿನುಗುತ್ತಿದ್ದರೆ ಮಿಸ್‌ಫೈರ್, ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹರಿದು ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ. ಕಾರು ಪಕ್ಕಕ್ಕೆ ಹಾಕಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಟ್ಯೂನ್, ಇನ್‌ಟೇಕ್, ಎಕ್ಸಾಸ್ಟ್ ಮೂರನ್ನೂ ಒಂದೇ ದಿನ ಹಾಕಿಸುವುದು. ಲಾಭ ಯಾವುದರಿಂದ ಬಂತು, ದೋಷ ಯಾವುದರದ್ದು ಎಂದು ಆಮೇಲೆ ಹೇಳಲಾಗುವುದಿಲ್ಲ.
- ಸದ್ದನ್ನು ವೇಗ ಎಂದು ತಿಳಿಯುವುದು. ಎಕ್ಸಾಸ್ಟ್ ಗುಡುಗಿದ ಮಾತ್ರಕ್ಕೆ ಸೆಕೆಂಡ್ ಇಳಿಯುವುದಿಲ್ಲ. ಕಾಲು ತೆಗೆದಾಗ ಪಟಾಕಿಯಂತೆ ಸಿಡಿಸುವ ಫೈಲ್‌ಗಳು ಕ್ಯಾಟಲಿಟಿಕ್ ಕನ್ವರ್ಟರ್‌ನ ಆಯುಷ್ಯ ತಿನ್ನುತ್ತವೆ.
- ‘ಮೈಲೇಜ್ ಕೂಡ ಹೆಚ್ಚುತ್ತದೆ’ ಎಂಬ ಮಾತಿಗೆ ಮರುಳಾಗುವುದು. ಹದವಾಗಿ ಓಡಿಸಿದರೆ ಹೆಚ್ಚೇನೂ ಬದಲಾಗದು. ಹೊಸ ಪಿಕಪ್ ಸವಿಯುತ್ತಿರುವಷ್ಟು ದಿನ ಇಳಿಯುವುದು ಖಚಿತ.
- ಹಳೆಯ ಪ್ಲಗ್‌ಗಳನ್ನೇ ಉಳಿಸಿಕೊಳ್ಳುವುದು. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಹೊಸ ಪ್ಲಗ್, ಟ್ಯೂನರ್ ಹೇಳಿದಷ್ಟು ಕಿರಿದಾದ ಗ್ಯಾಪ್ ಬೇಕು.
- ಎಕ್ಸ್‌ಪ್ರೆಸ್‌ವೇಯನ್ನು ಪರೀಕ್ಷಾ ಕೇಂದ್ರ ಮಾಡಿಕೊಳ್ಳುವುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ಮಿತಿ 100 ಕಿ.ಮೀ.; ಕ್ಯಾಮೆರಾಗಳಿವೆ. 130 ದಾಟಿದರೆ 2024ರ ಆಗಸ್ಟ್‌ನಿಂದ ಎಫ್‌ಐಆರ್ ಹಾಕುವುದಾಗಿ ರಾಜ್ಯದ ಪೊಲೀಸರು ಹೇಳಿದ್ದರು. ಮಿತಿಗಿಂತ ಹೆಚ್ಚು ವೇಗ ನೋಡಲೇಬೇಕೆಂದಿದ್ದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕ್ ಬೆಂಗಳೂರಿನಿಂದ ಒಂದು ದಿನದ ದಾರಿಯೊಳಗಿವೆ.

ಕಾಗದಪತ್ರದ ಮಾತು

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವುದು ಮಾಲಿನ್ಯ ನಿಯಮಗಳ ನೇರ ಉಲ್ಲಂಘನೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ಕ್ಲೇಮ್‌ಗೆ ಅಡ್ಡ ಬರಬಹುದು.

ಸರ್ವಿಸ್‌ಗೆ ಮುನ್ನ ಮೂಲ ಫೈಲ್ ಹಾಕಿಸಿದರೆ ಯಾರಿಗೂ ತಿಳಿಯದು ಎಂದು ಹಲವರ ನಂಬಿಕೆ. ಫೋಕ್ಸ್‌ವ್ಯಾಗನ್ ಬಳಗದ ಶೋರೂಂ ಸ್ಕ್ಯಾನರ್ ತಿದ್ದಿದ ಇಸಿಯುವನ್ನು ಪತ್ತೆ ಹಚ್ಚಿದರೆ ಆ ಕಾರಿನ ದಾಖಲೆಗೆ ‘ಟಿಡಿ1’ ಎಂಬ ಗುರುತು ಬೀಳುತ್ತದೆ. ಆಮೇಲೆ ಎಂಜಿನ್, ಗೇರ್‌ಬಾಕ್ಸ್‌ಗೆ ವಾರಂಟಿ ಕೇಳುವುದು ಕಷ್ಟ. ವಾರಂಟಿ ಉಳಿದಿರುವ ಕಾರಾದರೆ ಈ ನಷ್ಟವನ್ನೂ ಟ್ಯೂನ್‌ನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಕಾರು ಬಿಡಿಸಿಕೊಳ್ಳುವ ದಿನವೇ ಟ್ಯೂನರ್‌ನಿಂದ ಮೂಲ ಫೈಲ್‌ನ ಪ್ರತಿ, ಫೈಲ್‌ನ ಆಕ್ಟೇನ್, ಗೇರ್‌ಬಾಕ್ಸ್‌ಗೆ ಇಟ್ಟ ಟಾರ್ಕ್ ಮಿತಿ ಇಷ್ಟನ್ನೂ ಕೇಳಿ ಪಡೆಯಿರಿ. 1,000 ಕಿ.ಮೀ. ಆದ ಮೇಲೆ ಪ್ಲಗ್ ಬಿಚ್ಚಿಸಿ ನೋಡಿ, ಆಯಿಲ್ ಮಟ್ಟ ಅಳೆಯಿರಿ, ಮತ್ತೊಂದು ಲಾಗ್ ತೆಗೆಯಿರಿ. ನಂತರ ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ, ಎಸಿ ಹಾಕಿಕೊಂಡೇ, ಅದೇ ರಸ್ತೆಯಲ್ಲಿ 50ರಿಂದ 90ರ ಓಟವನ್ನು ಮೂರು ಸಲ ಓಡಿಸಿ, ಮೂರನೆಯ ಅಂಕಿಯನ್ನು ಮೊದಲು ಬರೆದಿಟ್ಟ ಟ್ಯೂನ್‌ಪೂರ್ವದ ಅಂಕಿಯ ಪಕ್ಕದಲ್ಲಿ ಬರೆಯಿರಿ.